ಎದುರು ಮನೆಗೆ 700, ನಮ್ಮನೆಗೆ 3,400

ದೀಪಾವಳಿಗೆ ಇನ್ನೂ ಮೂರು ವಾರ ಇತ್ತು. ಎದುರು ಮನೆ ಆಂಟಿ ಬಾಗಿಲಲ್ಲಿ ನಿಂತು, “ಚಿಮ್ನಿ ಸರ್ವಿಸ್ ಮಾಡಿಸ್ಬಿಟ್ಟೆ ಕಣಮ್ಮ. 700 ತಗೊಂಡ. ಫಳಫಳ ಅಂತಿದೆ, ಬಂದು ನೋಡು” ಅಂದ್ರು. ಹೋಗಿ ನೋಡಿದೆ. ಹೌದು, ಅಂಗಡಿಯಿಂದ ಈಗ ತಂದಿಟ್ಟ ಹಾಗಿತ್ತು. ಅದೇ ವಾರ, ಅದೇ ಹುಡುಗನ ಕೈಲಿ ನಮ್ಮನೆಯದನ್ನೂ ಮಾಡಿಸಿದೆ. ಕೊಟ್ಟಿದ್ದು 3,400 ರೂಪಾಯಿ. ಅದಕ್ಕೂ ಮುಂಚೆ ಇನ್ನೊಬ್ಬ ಬಂದು, ಇದೇ ಚಿಮ್ನಿ ನೋಡಿ 7,906 ರೂಪಾಯಿ ಆಗುತ್ತೆ ಅಂತ ಚೀಟಿ ಬರೆದುಕೊಟ್ಟು ಹೋಗಿದ್ದ.

ಎರಡು ಬಾಗಿಲಿನ ಅಂತರದಲ್ಲಿ ಒಂದೇ ಕೆಲಸಕ್ಕೆ ಮೂರು ರೇಟು. ಮೊದಲು ಸಿಟ್ಟು ಬಂತು. ಆಮೇಲೆ ಕೂತು ಲೆಕ್ಕ ಹಾಕಿದೆ. ಲೆಕ್ಕ ಹಾಕಿದ ಮೇಲೆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೇ ತಿರುಗಿತು. ಅದನ್ನೇ ಈ ಸಲ ಬರೀತಿದ್ದೀನಿ. ಹಬ್ಬದ ಮುಂಚೆ ನಿಮ್ಮಲ್ಲೂ ಎಷ್ಟೋ ಜನ ಫೋನ್ ಹಚ್ಚೋರು ಇರ್ತೀರಿ.

ಮೊದಲು ನಮ್ಮನೆ ಸ್ಥಿತಿ ಹೇಳಿಬಿಡ್ತೀನಿ, ಮುಚ್ಚುಮರೆ ಬೇಡ. ಎರಡೂವರೆ ವರ್ಷದಿಂದ ಚಿಮ್ನಿಯನ್ನು ಯಾರಿಗೂ ತೋರಿಸಿರಲಿಲ್ಲ. ಸ್ವಿಚ್ ಹಾಕಿದರೆ ಬಸ್ಸಿನ ಹಾಗೆ ಸದ್ದು ಮಾಡುತ್ತಿತ್ತು, ಹೊಗೆ ಮಾತ್ರ ಅಡುಗೆಮನೆಯಲ್ಲೇ ಸುತ್ತುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಹಾಲಿನಲ್ಲಿ ಕೂತ ಅತ್ತೆಗೆ ಕೆಮ್ಮು. ಒಂದು ದಿನ ಸಾರಿನ ಪಾತ್ರೆಯ ಪಕ್ಕಕ್ಕೇ ಮೇಲಿಂದ ಹಳದಿ ಎಣ್ಣೆಯ ಹನಿ ತೊಟಕ್ಕಂತ ಬಿತ್ತು. ಒಂದಿಂಚು ಆಚೆ ಬಿದ್ದಿದ್ದರೆ ಸಾರಿಗೇ ಬೀಳುತ್ತಿತ್ತು. ಅವತ್ತೇ ಫೋನ್ ತಗೊಂಡು ಹುಡುಕಿದೆ.

ಅಲ್ಲೇ ಮೊದಲ ತಪ್ಪು. ಕಂಪನಿ ಹೆಸರು ಹಾಕಿ ‘ಸರ್ವಿಸ್ ನಂಬರ್’ ಅಂತ ಹುಡುಕಿದೆ, ಮೇಲೆ ಕಂಡ ನಂಬರಿಗೆ ಕರೆ ಮಾಡಿದೆ. ಆ ಕಡೆಯವರು ಕಂಪನಿಯವರ ಹಾಗೇ ಮಾತಾಡಿದರು. ಬಂದವನ ಹತ್ತಿರ ಕಂಪನಿಯ ಕಾರ್ಡೂ ಇಲ್ಲ, ರಸೀದಿ ಪುಸ್ತಕವೂ ಇಲ್ಲ. ಚಿಮ್ನಿಯ ಮುಂಭಾಗ ತೆಗೆದು, ಟಾರ್ಚ್ ಬಿಟ್ಟು ಎರಡು ನಿಮಿಷ ನೋಡಿ, “ಮೋಟಾರ್ ಹೋಗಿದೆ ಮೇಡಂ” ಅಂದ. ಮೋಟಾರ್‌ಗೆ 5,500, ಕ್ಲೀನಿಂಗ್‌ಗೆ 1,200, ಅದರ ಮೇಲೆ ಶೇ 18 ಜಿಎಸ್‌ಟಿ 1,206. ಒಟ್ಟು 7,906.

ನಮ್ಮವರು ಬ್ಯಾಂಕಿನಲ್ಲಿದ್ದವರು, ಇಂಥದ್ದರಲ್ಲಿ ಚುರುಕು. “ಜಿಎಸ್‌ಟಿ ನಂಬರ್ ಎಲ್ಲಿದೆಯಪ್ಪ ಚೀಟಿಯಲ್ಲಿ?” ಅಂದರು. ಅವನು ತಲೆ ಕೆರೆದುಕೊಂಡ. ಜಿಎಸ್‌ಟಿ ನೋಂದಣಿ ಇಲ್ಲದವರು ಗಿರಾಕಿಯಿಂದ ಆ ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸಣ್ಣ ಸರ್ವಿಸ್‌ನವರು ನೋಂದಣಿ ಮಾಡಿಸಲೇಬೇಕು ಅಂತಲೂ ಇಲ್ಲ, ಅದು ಅವರ ತಪ್ಪೂ ಅಲ್ಲ. ಆದರೆ ನಂಬರ್ ಇಲ್ಲದ ಬಿಳಿ ಚೀಟಿಯಲ್ಲಿ ತೆರಿಗೆ ಅಂತ ಬರೆದರೆ ಆ ದುಡ್ಡು ಸರ್ಕಾರಕ್ಕೆ ಹೋಗೋದಿಲ್ಲ, ಅಷ್ಟೇ. ಅವನನ್ನು ವಾಪಸ್ ಕಳಿಸಿದೆವು. ವಿಸಿಟಿಂಗ್ ಚಾರ್ಜ್ ಅಂತ 400 ಕೊಡಬೇಕಾಯ್ತು, ಫೋನಿನಲ್ಲಿ ಒಪ್ಪಿದ್ದೆನಲ್ಲ. ನನ್ನ 3,400ರ ಲೆಕ್ಕಕ್ಕೆ ಈ 400 ಸೇರಿಲ್ಲ. ಅದು ಬುದ್ಧಿ ಕಲಿತಿದ್ದಕ್ಕೆ ಕೊಟ್ಟ ಫೀಸು.

ಕಂಪನಿಯ ನಿಜವಾದ ನಂಬರ್ ವಾರಂಟಿ ಕಾರ್ಡಿನಲ್ಲಿ ಇತ್ತು. ಕಾರ್ಡ್ ಎಲ್ಲಿತ್ತು ಅಂತ ಕೇಳಬೇಡಿ. ಹೊಸ ಮನೆಯ ಎಲ್ಲ ಕಾಗದದ ಜೊತೆ ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ ಇತ್ತು.

ಆಮೇಲೆ ಎದುರು ಮನೆಗೆ ಬಂದಿದ್ದ ಹುಡುಗನನ್ನೇ ಕರೆಸಿದೆ. ಅವನು ಬಂದವನೇ ಮೊದಲು ಮಾಡಿದ್ದು ಒಂದು ಹಳೇ ಪೇಪರ್ ಕೇಳಿದ್ದು. ಸ್ಟವ್ ಆಫ್ ಮಾಡಿಸಿ, ಚಿಮ್ನಿ ಫುಲ್ ಸ್ಪೀಡಿನಲ್ಲಿ ಹಾಕಿ, ಪೇಪರಿನ ಒಂದು ಹಾಳೆಯನ್ನು ಫಿಲ್ಟರ್ ಕೆಳಗೆ ಹಿಡಿದ. ಹಾಳೆ ಜಾರಿ ಕೆಳಗೆ ಬಿತ್ತು. “ನೋಡಿ ಅಕ್ಕ, ಎಳೀತಾ ಇಲ್ಲ. ಆದ್ರೆ ಮೋಟಾರ್ ತಿರುಗ್ತಾ ಇದೆ. ತಿರುಗೋ ಮೋಟಾರನ್ನ ಯಾಕೆ ಬದಲಾಯಿಸ್ಬೇಕು? ಮೊದ್ಲು ದಾರಿ ಬಿಡಿಸೋಣ” ಅಂದ. ಎರಡೂವರೆ ಗಂಟೆ ಆದಮೇಲೆ ಅದೇ ಹಾಳೆ ಹಿಡಿದ. ಟಪ್ ಅಂತ ಮೇಲಕ್ಕೆ ಅಂಟಿಕೊಂಡಿತು, ಕೈಬಿಟ್ಟರೂ ಬೀಳಲಿಲ್ಲ. ಅತ್ತೆ ಕುರ್ಚಿಯಿಂದ ಎದ್ದು ಬಂದು ನೋಡಿದರು.

ಸದ್ದು ಇದ್ದು ಎಳೆತ ಇಲ್ಲ ಅಂದರೆ ಹೆಚ್ಚಾಗಿ ಗಾಳಿ ಹೋಗುವ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ ಅಂತಲೇ ಅರ್ಥ. ಫಿಲ್ಟರ್ ಇರಬಹುದು, ಗಾಳಿ ತಳ್ಳುವ ಬ್ಲೋವರ್ ಇರಬಹುದು, ಪೈಪ್ ಇರಬಹುದು. ಕೆಲವು ಸಲ ಕೆಪಾಸಿಟರ್ ಅನ್ನೋ ಸಣ್ಣ ಡಬ್ಬಿ ಸೋತು ಮೋಟಾರ್ ನಿಧಾನ ಆಗುತ್ತಂತೆ. ಅದೂ ಮೋಟಾರಿಗಿಂತ ಎಷ್ಟೋ ಅಗ್ಗ. ಮೋಟಾರಿಗೇ ಹಲವು ಕಂಪನಿಗಳು ಐದು ವರ್ಷ, ಅದಕ್ಕಿಂತ ಹೆಚ್ಚು ವಾರಂಟಿ ಕೊಡ್ತವೆ. ಹಾಗಾಗಿ ಮೋಟಾರ್ ಅನ್ನೋ ಮಾತು ಬಂದ ಕೂಡಲೇ ದುಡ್ಡು ತೆಗೆಯಬೇಡಿ, ಕಾರ್ಡ್ ತೆಗೀರಿ. ವಾರಂಟಿ ಇರುವಾಗ ಹೊರಗಿನವರ ಕೈಲಿ ಮೋಟಾರ್ ಬಿಚ್ಚಿಸಿದರೆ ಕಂಪನಿ ಕೈಚೆಲ್ಲಬಹುದು ಅನ್ನೋದೂ ನೆನಪಿರಲಿ.

ಈಗ 3,400ಕ್ಕೆ ಬರ್ತೀನಿ. ಕ್ಲೀನಿಂಗ್‌ಗೆ 1,300, ಎರಡು ಫಿಲ್ಟರ್‌ಗೆ 1,600, ಹೊಸ ಪೈಪಿಗೆ 500.

ಕ್ಲೀನಿಂಗ್ ಅವರ ಮನೆಗೆ 700, ನಮ್ಮನೆಗೆ 1,300 ಯಾಕೆ ಅಂತ ಕೇಳಿದೆ. “ಅವ್ರ ಮನೇಲಿ ಮುಕ್ಕಾಲು ಗಂಟೆ ಕೆಲಸ ಅಕ್ಕ. ಇಲ್ಲಿ ಕೈ ನೋಡಿ” ಅಂತ ಗ್ಲೌಸ್ ತೆಗೆದು ತೋರಿಸಿದ. ಗ್ಲೌಸ್ ಒಳಗೂ ಜಿಡ್ಡು ಇಳಿದಿತ್ತು. ಎದುರು ಮನೆಯಲ್ಲಿ ಇಬ್ಬರೇ ಹಿರಿಯರು. ಬೆಳಿಗ್ಗೆ ಇಡ್ಲಿ, ರಾತ್ರಿ ಗಂಜಿ ಇಲ್ಲವೇ ಚಪಾತಿ. ನಮ್ಮದು ಆರು ಜನರ ಮನೆ, ದಿನಾ ಮೂರು ಒಗ್ಗರಣೆ, ಭಾನುವಾರ ಪೂರಿ, ಮಳೆ ಬಂದರೆ ಬಜ್ಜಿ. ಅವರು ಆರು ತಿಂಗಳಿಗೊಮ್ಮೆ ಮಾಡಿಸ್ತಾರೆ. ನಾವು ಎರಡೂವರೆ ವರ್ಷ ಬಿಟ್ಟಿದ್ದೆವು.

ಬಿಡೋದು ಅಂದ್ರೆ ಬರೀ ಜಿಡ್ಡು ಜಾಸ್ತಿ ಆಗೋದಲ್ಲ, ಜಿಡ್ಡಿನ ಜಾತಿಯೇ ಬದಲಾಗುತ್ತೆ. ಬಜ್ಜಿ ಕರಿಯುವ ಬಾಣಲೆಯ ಹೊರಮೈ ನೆನಪು ಮಾಡಿಕೊಳ್ಳಿ. ಅವತ್ತೇ ಉಜ್ಜಿದರೆ ಸೋಪಿಗೆ ಬಿಡುತ್ತೆ. ನಾಲ್ಕು ಸಲ ಕಾಯಿಸಿದ ಮೇಲೆ ಕಂದು ಬಣ್ಣಕ್ಕೆ ತಿರುಗಿ, ವಾರ್ನಿಶ್ ಬಳಿದ ಹಾಗೆ ಗಟ್ಟಿಯಾಗಿ, ಉಗುರಿಗೂ ಸಿಗೋದಿಲ್ಲ. ಎಣ್ಣೆ ಶಾಖ ಮತ್ತು ಗಾಳಿಗೆ ಸಿಕ್ಕಿ ಆಗೋದು ಅದೇ. ಚಿಮ್ನಿಯ ಬ್ಲೋವರ್ ರೆಕ್ಕೆಗಳ ಮೇಲೆ ಆ ವಾರ್ನಿಶ್ ಕೂತಿತ್ತು. ಅದನ್ನು ನೆನೆಸಿ, ಕೆರೆದು, ತೊಳೆದು, ಒಣಗಿಸಿ ಮತ್ತೆ ಕೂರಿಸೋಕೇ ಒಂದು ಗಂಟೆ ಹಿಡಿಯಿತು. ಅಂದರೆ ನಾವು ದುಡ್ಡು ಕೊಡೋದು ಸೋಪಿಗಲ್ಲ, ಆ ಹುಡುಗನ ಗಂಟೆಗಳಿಗೆ.

ನಮ್ಮ ತಂಗಿ ಮಾತ್ರ, “ನಮ್ದು ಆಟೋಕ್ಲೀನ್ ಕಣೇ, ನಮಗೆ ಈ ತಲೆನೋವೇ ಇಲ್ಲ” ಅಂತಾಳೆ. ಆ ಗುಂಡಿ ಒತ್ತಿದರೆ ಒಳಗಿನ ಹೀಟರ್ ಬಿಸಿಯಾಗಿ ಬ್ಲೋವರ್‌ಗೆ ಅಂಟಿದ ಎಣ್ಣೆ ಕರಗಿ ಕೆಳಗಿನ ಪುಟ್ಟ ಬಟ್ಟಲಿಗೆ ಇಳಿಯುತ್ತೆ. ಒಳ್ಳೇ ಅನುಕೂಲವೇ. ಆದರೆ ಪೈಪಿನೊಳಗಿನ ಎಣ್ಣೆಗೂ ಆ ಹೀಟರಿಗೂ ಸಂಬಂಧವಿಲ್ಲ. ಬಟ್ಟಲು ತುಂಬಿದ್ದನ್ನು ಚೆಲ್ಲುವವರೂ ನಾವೇ ಆಗಬೇಕು. ಗುಂಡಿಯನ್ನು ತಿಂಗಳಿಗೊಮ್ಮೆಯಾದರೂ ಒತ್ತಬೇಕು, ವರ್ಷಗಟ್ಟಲೆ ಬಿಟ್ಟು ಗಟ್ಟಿಯಾದ ಮೇಲೆ ಒತ್ತಿದರೆ ಕರಗೋದಿಲ್ಲ. ತಂಗಿ ಬಟ್ಟಲು ಎಲ್ಲಿದೆ ಅಂತಲೇ ನೋಡಿರಲಿಲ್ಲ! ಇನ್ನು ಕೆಲವರ ಮನೆಯಲ್ಲಿ ಹೊರಗೆ ಪೈಪೇ ಇರೋದಿಲ್ಲ, ಗಾಳಿಯನ್ನು ಇದ್ದಿಲಿನ ಫಿಲ್ಟರಿನಲ್ಲಿ ಹಾಯಿಸಿ ಮತ್ತೆ ಅಡುಗೆಮನೆಗೇ ಬಿಡುತ್ತೆ. ಅದರಲ್ಲಿ ಪೈಪಿನ ಖರ್ಚಿಲ್ಲ. ಆದರೆ ಆ ಇದ್ದಿಲಿನ ಫಿಲ್ಟರ್ ಸಾಮಾನ್ಯವಾಗಿ ತೊಳೆದು ಬಳಸುವಂಥದ್ದಲ್ಲ, ಕೆಲವು ತಿಂಗಳಿಗೊಮ್ಮೆ ಹೊಸದು ಹಾಕಬೇಕು. ಅವರ ಸರ್ವಿಸ್ ಬಿಲ್ಲಿನಲ್ಲಿ ಅದೊಂದು ಸಾಲು ಸದಾ ಇರುತ್ತೆ.

ಫಿಲ್ಟರಿನ 1,600 ರೂಪಾಯಿ ಪೂರ್ತಿ ನನ್ನ ಕೈಯಾರೆ ಮಾಡಿಕೊಂಡ ಖರ್ಚು. ಎದುರು ಮನೆಯದು ಸ್ಟೀಲಿನ ಪಟ್ಟಿ ಪಟ್ಟಿಯ ಬ್ಯಾಫಲ್ ಫಿಲ್ಟರ್. ನಮ್ಮದು ಅಲ್ಯೂಮಿನಿಯಂ ಜಾಲರಿ. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಕಳೆದ ಯುಗಾದಿಗೆ ಒಂದು ವಿಡಿಯೊ ನೋಡಿ, ಕಾಸ್ಟಿಕ್ ಸೋಡಾ ತಂದು, ಬಕೆಟ್ ಬಿಸಿನೀರಿಗೆ ಹಾಕಿ ಫಿಲ್ಟರ್ ಮುಳುಗಿಸಿದೆ. ನೀರು ಭುಸುಭುಸು ಅಂತ ಉಕ್ಕಿತು, ಗಂಟಲು ಸುಡುವ ಆವಿ. ಬಚ್ಚಲಿನ ಬಾಗಿಲು ತೆಗೆದು ಓಡಿ ಬಂದೆ. ಜಿಡ್ಡು ಹೋಗುತ್ತಿದೆ ಅಂತ ಅಂದುಕೊಂಡಿದ್ದೆ, ಹೋಗುತ್ತಿದ್ದದ್ದು ಫಿಲ್ಟರ್. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನೇ ತಿಂದುಹಾಕುತ್ತೆ, ಬರುವ ಗುಳ್ಳೆ ಹೈಡ್ರೋಜನ್, ಬೆಂಕಿ ಹತ್ತುವ ಅನಿಲ. ಜಾಲರಿ ಕಪ್ಪಾಗಿ ಅಲ್ಲಲ್ಲಿ ಕಿತ್ತು ಹೋಯಿತು. ಆ ತೂತುಗಳಿಂದ ಎಣ್ಣೆಯೆಲ್ಲ ಸೀದಾ ಬ್ಲೋವರಿಗೆ, ಪೈಪಿಗೆ. ಒಟ್ಟಿನಲ್ಲಿ ಇನ್ನೂರು ರೂಪಾಯಿ ಉಳಿಸಲು ಹೋಗಿ ಮುಂದಿನ ಬಿಲ್ಲನ್ನು ನಾನೇ ಬೆಳೆಸಿದ್ದೆ.

ನಿಮ್ಮ ಫಿಲ್ಟರ್ ಯಾವುದು ಅಂತ ಸಂಶಯ ಇದ್ದರೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ಹಚ್ಚಿ ನೋಡಿ. ಅಂಟಿದರೆ ಸ್ಟೀಲ್. ಅಂಟದಿದ್ದರೆ ಹೇಳೋಕಾಗೋದಿಲ್ಲ, ಕೆಲವು ಸ್ಟೀಲಿಗೂ ಮ್ಯಾಗ್ನೆಟ್ ಅಂಟೋದಿಲ್ಲ. ಹಗುರಾಗಿ, ಬೂದು ಬಣ್ಣಕ್ಕಿದ್ದರೆ ಅಲ್ಯೂಮಿನಿಯಂ ಅಂತಲೇ ತಿಳಿದು ಬರೀ ಬಿಸಿನೀರು, ಪಾತ್ರೆ ಸೋಪಿನಲ್ಲಿ ತೊಳೆಯಿರಿ. ವಾಷಿಂಗ್ ಸೋಡಾ ಕೂಡ ಅದನ್ನು ಕಪ್ಪು ಮಾಡುತ್ತೆ. ಹದಿನೈದು ದಿನಕ್ಕೊಮ್ಮೆ ತೊಳೆದರೆ ಸೋಪೇ ಸಾಕು.

ಪೈಪಿನ ಕಥೆ ಬೇರೆ. ಇದಕ್ಕೆ ವಾಸ್ತು ಕಾರಣ. ನಗಬೇಡಿ. ಬಿಲ್ಡರ್ ಸ್ಟವ್‌ಗೆ ಜಾಗ ಬಿಟ್ಟಿದ್ದು ಹೊರಗೋಡೆಗೆ. ಎದುರು ಮನೆಯವರು ಹಾಗೇ ಇಟ್ಟುಕೊಂಡರು, ಅವರ ಚಿಮ್ನಿಯಿಂದ ಎರಡಡಿ ಪೈಪ್, ಗೋಡೆಯ ತೂತು, ಹೊರಗೆ. ನಾವು ಇಂಟೀರಿಯರ್ ಮಾಡಿಸುವಾಗ ಆಗ್ನೇಯ ಮೂಲೆ ಅಂತ ಸ್ಟವ್ ಈ ಕಡೆ ತಂದೆವು. ಹಾಗಾಗಿ ಪೈಪ್ ಕಪಾಟುಗಳ ಮೇಲೆ ಒಂಬತ್ತಡಿ ಹರಿದು, ಎರಡು ಕಡೆ ತಿರುಗಿ, ಯುಟಿಲಿಟಿಯಲ್ಲಿ ಹೊರಗೆ ಹೋಗುತ್ತೆ. ಪ್ರತಿ ತಿರುವಿನಲ್ಲೂ ಗಾಳಿಯ ವೇಗ ಕುಗ್ಗುತ್ತೆ, ಎಣ್ಣೆ ಕೂರುತ್ತೆ. ಅದರ ಮೇಲೆ ಸುಕ್ಕು ಸುಕ್ಕಾದ ಅಲ್ಯೂಮಿನಿಯಂ ಪೈಪ್, ಒಂದೊಂದು ಸುಕ್ಕೂ ಒಂದೊಂದು ಎಣ್ಣೆ ಬಟ್ಟಲು. ಚೆನ್ನಾಗಿ ಕಾಣಲಿ ಅಂತ ಕಾರ್ಪೆಂಟರ್ ಪ್ಲೈವುಡ್ ಹಾಕಿ ಮೊಳೆ ಹೊಡೆದು ಮುಚ್ಚಿದ್ದ. ಆ ಹುಡುಗ ಅದನ್ನು ಬಿಚ್ಚೋಕೇ ಅರ್ಧ ಗಂಟೆ ಒದ್ದಾಡಿದ. ಒಳಗಿನ ಪೈಪ್ ತೊಳೆಯುವ ಸ್ಥಿತಿಯಲ್ಲಿರಲಿಲ್ಲ, ಎತ್ತಿದರೆ ಜೋತು ಬೀಳುತ್ತಿತ್ತು. ತುಂಡು ತುಂಡಾಗಿ ತೆಗೆದು ಹೊಸದು ಹಾಕಿದ. ಎಣ್ಣೆ ತುಂಬಿದ ಪೈಪಿನ ಕೆಳಗೆ ದಿನಾ ಬೆಂಕಿ ಹಚ್ಚುತ್ತಿದ್ದೆವು ಅನ್ನೋದು ಆ ಗಂಟು ನೋಡಿದಾಗಲೇ ತಲೆಗೆ ಹೋಗಿದ್ದು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ ಜ್ವಾಲೆ ಮೇಲಕ್ಕೆ ಎದ್ದಿದ್ದರೆ ಚಿಮ್ನಿ ಅದನ್ನು ಒಳಕ್ಕೇ ಎಳೆದುಕೊಳ್ಳುತ್ತಿತ್ತು.

ಈಗ ಆ ಪ್ಲೈವುಡ್ಡಿಗೆ ಮೊಳೆ ಬದಲು ಕೀಲು ಹಾಕಿಸಿದ್ದೀವಿ, ಬಾಗಿಲಿನ ಹಾಗೆ ತೆಗೆಯಬಹುದು. ಹೊಸ ಮನೆ ಕಟ್ಟಿಸುವವರಿದ್ದರೆ ಇದೊಂದು ಮಾತು ಕಾರ್ಪೆಂಟರಿಗೆ ಮೊದಲೇ ಹೇಳಿ. ಚಿಮ್ನಿಗೆ ಆರಿಂಚಿನ ಬಾಯಿ ಇದ್ದರೆ ಪೈಪೂ ಆರಿಂಚಿನದೇ ಇರಲಿ. ಗೋಡೆ ತೂತು ಸಣ್ಣದು ಅಂತ ನಾಲ್ಕಿಂಚಿಗೆ ಇಳಿಸಿದರೆ ಸದ್ದು ಜಾಸ್ತಿ, ಎಳೆತ ಕಡಿಮೆ. ಹೊರಗಿನ ಬಾಯಿಗೆ ಮುಚ್ಚಳ ಇರುವ ಜಾಲಿ ಹಾಕಿಸಿ, ಇಲ್ಲದಿದ್ದರೆ ಬೆಂಗಳೂರಿನ ಪಾರಿವಾಳಗಳು ಗೃಹಪ್ರವೇಶ ಮಾಡಿಬಿಡ್ತವೆ. ನಮ್ಮ ಕೆಳಗಿನ ಮನೆಯವರ ಪೈಪಿನಲ್ಲಿ ಗೂಡು ಇತ್ತಂತೆ. ಮರಿ ಹಾರಿ ಹೋಗುವವರೆಗೂ ಪಾಪ, ಅವರು ಕರಿದ ತಿಂಡಿ ಮಾಡಲಿಲ್ಲ.

ಇಷ್ಟೆಲ್ಲ ಆಗುವಾಗ ಅತ್ತೆ ಸುಮ್ಮನೆ ಕೂತು ನೋಡುತ್ತಿದ್ದರು. 3,400 ಅಂದ ಕೂಡಲೇ, “ಅಲ್ಲ ಮಾರಾಯ್ತಿ, ಹೊಗೆ ಕೊಳವೆ ಗುಡಿಸೋಕೆ ಮೂರು ಸಾವಿರನಾ?” ಅಂದ್ರು. ಅವರದು ತೀರ್ಥಹಳ್ಳಿ ಕಡೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಹಳ್ಳಿ ಹಳ್ಳಿಗೆ ಬಂತಲ್ಲ, ಅವರ ಮನೆಯಲ್ಲೂ ಕಟ್ಟಿಸಿದ್ದರು. ಅದಕ್ಕೂ ಮಾಡಿನ ಮೇಲಕ್ಕೆ ಹೋಗುವ ಹೊಗೆ ಕೊಳವೆ ಇತ್ತು. ಅಡಿಕೆ ದಬ್ಬೆಯ ತುದಿಗೆ ಹಳೇ ಗೋಣಿ ಕಟ್ಟಿ, ಮೇಲಿಂದ ಕೆಳಗೆ ನಾಲ್ಕು ಸಲ ಎಳೆದರೆ ಮಸಿಯೆಲ್ಲ ಬುಡಕ್ಕೆ. ಮಾಡಿನ ಇಲ್ಲಣವನ್ನೂ ಅವತ್ತೇ ತೆಗೆಯುವುದು. ಖರ್ಚು ಅಂದ್ರೆ ಎರಡು ಹಂಡೆ ಬಿಸಿನೀರು, ಸ್ನಾನಕ್ಕೆ. ಬಿಟ್ಟರೆ ಅಲ್ಲೂ ಹೊಗೆ ವಾಪಸ್ ಬಂದು ಕಣ್ಣುರಿ, ಕೆಮ್ಮು. ಕೊಳವೆ ಕಟ್ಟಿಕೊಂಡಿತು ಅಂತ ಎಷ್ಟೋ ಮನೆಯಲ್ಲಿ ಒಲೆಯನ್ನೇ ಒಡೆದು ಹಾಕಿದರು ಅಂತ ಅತ್ತೆಯೇ ಹೇಳಿದರು. ಸೌದೆಯ ಮಸಿ ಒಣಗಿದ್ದು, ಗುಡಿಸಿದರೆ ಉದುರುತ್ತೆ. ಎಣ್ಣೆಯ ಜಿಡ್ಡು ಹಾಗಲ್ಲ ಅತ್ತೆ, ಅಂದೆ. ಪೂರ್ತಿ ಒಪ್ಪಲಿಲ್ಲ. ಆದರೂ ಆ ಹುಡುಗನಿಗೆ ಕಾಫಿ ಕೊಟ್ಟಿದ್ದು ಅವರೇ.

ಕಾಫಿ ಕುಡಿಯುತ್ತ ಅವನು ಹೇಳಿದ್ದು ಕೇಳಿ. ಮುಂಚೆ ಒಂದು ಸರ್ವಿಸ್ ಕಂಪನಿಗೆ ಹೋಗುತ್ತಿದ್ದನಂತೆ. ಗಿರಾಕಿ ಕೊಟ್ಟಿದ್ದರಲ್ಲಿ ಕಂಪನಿಯ ಪಾಲು ಕಳೆದು ಉಳಿದದ್ದರಲ್ಲಿ ಪೆಟ್ರೋಲು, ಕೆಮಿಕಲ್ಲು, ಗ್ಲೌಸು ಎಲ್ಲ ಅವನದೇ. ಅದಕ್ಕೇ ಕೆಲವರು ಬೇಡದ ಪಾರ್ಟ್ ಹಾಕಿಸೋದು, ಪಾರ್ಟಿನಲ್ಲಿ ಕಮಿಷನ್ ಸಿಗುತ್ತೆ ಅಂದ. ಮೊದಲನೆಯವನ ‘ಮೋಟಾರ್ ಹೋಗಿದೆ’ ಎಲ್ಲಿಂದ ಬಂತು ಅಂತ ಆಗ ಅರ್ಥವಾಯ್ತು. ಅವನನ್ನು ಸಮರ್ಥಿಸಿಕೊಳ್ಳೋದಿಲ್ಲ ನಾನು. ಆದರೆ 299ಕ್ಕೆ ಸರ್ವಿಸ್ ಅನ್ನೋ ಜಾಹೀರಾತು ನೋಡಿ ಕರೆದರೆ, ಬಂದವನ ದಿನಗೂಲಿ ಆ 299ರಲ್ಲಿ ಹುಟ್ಟೋದಿಲ್ಲ, ಬೇರೆ ಸಾಲಿನಲ್ಲಿ ಹುಟ್ಟಬೇಕು.

ಊರೂ ಲೆಕ್ಕಕ್ಕೆ ಬರುತ್ತೆ. ಆಟೋಕ್ಲೀನ್ ತಂಗಿ ಇರೋದು ಸಾಗರದಲ್ಲಿ. ಅವಳ ಕಂಪನಿಯ ಮೆಕ್ಯಾನಿಕ್ ಶಿವಮೊಗ್ಗದಿಂದ ಎಪ್ಪತ್ತು ಕಿಲೋಮೀಟರ್ ಬರಬೇಕು, ಹೋಗಿ ಬರುವ ಖರ್ಚು ಬೇರೆ. ಅವರ ಬೀದಿಯ ನಾಲ್ಕು ಮನೆಯವರು ಸೇರಿ ಒಂದೇ ದಿನ ಕರೆಸಿ, ಆ ಖರ್ಚು ಹಂಚಿಕೊಳ್ತಾರಂತೆ. ದೀಪಾವಳಿ ಮುಂದೆ ಅಲ್ಲ, ಶ್ರಾವಣಕ್ಕೂ ಮುಂಚೆ, ಆಷಾಢದಲ್ಲಿ. ಆಗ ಅವರಿಗೂ ಕೆಲಸ ಕಡಿಮೆ, ಚೌಕಾಸಿಗೂ ಜಾಗ ಇರುತ್ತೆ. ಹಬ್ಬದ ವಾರ ಕರೆದರೆ ಹೇಳಿದ್ದೇ ರೇಟು.

ವರ್ಷದ ಕಾಂಟ್ರಾಕ್ಟ್ ತಗೊಳ್ಳಲಾ ಅಂತ ಯೋಚಿಸಿದ್ದೆ. ನಮಗೆ ಹೇಳಿದ್ದು 2,500, ಎರಡು ಸರ್ವಿಸ್, ಪಾರ್ಟ್ ಬೇರೆ. ಹೊತ್ತಿಗೆ ಸರಿಯಾಗಿ ಮಾಡಿಸಿದರೆ ನಮ್ಮ ಈ ಹುಡುಗನಿಗೆ ಎರಡು ಸಲಕ್ಕೆ 1,400. ಪಾರ್ಟ್ ಸೇರದ ಕಾಂಟ್ರಾಕ್ಟ್ ನನಗೆ ಲಾಭ ಅನ್ನಿಸಲಿಲ್ಲ. ಪಾರ್ಟೂ ಸೇರಿದ್ದರೆ, ವಾರಂಟಿ ಮುಗಿದ ಹಳೇ ಚಿಮ್ನಿಯಾಗಿದ್ದರೆ ಬೇರೆ ಮಾತು.

ಈಗ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟು. ಫೋನಿನಲ್ಲೇ ನಿಮ್ಮ ಚಿಮ್ನಿಯ ಫೋಟೊ ಕಳಿಸಿ, ಕೊನೆಯ ಸರ್ವಿಸ್ ಯಾವಾಗ ಆಯಿತು ಅಂತ ನಿಜ ಹೇಳಿ, ಪೈಪ್ ಎಷ್ಟುದ್ದ, ಮುಚ್ಚಿದೆಯಾ ತೆರೆದಿದೆಯಾ ಹೇಳಿ. ಕ್ಲೀನಿಂಗ್ ಅಂದರೆ ಫಿಲ್ಟರ್ ಮಾತ್ರವಾ, ಬ್ಲೋವರ್ ಬಿಚ್ಚಿ ತೊಳೀತಾರಾ, ಪೈಪ್ ಸೇರುತ್ತಾ ಕೇಳಿ. ಕೆಲಸ ಮಾಡಿಸಿದರೆ ವಿಸಿಟಿಂಗ್ ಚಾರ್ಜ್ ಬಿಲ್ಲಿನಲ್ಲಿ ಕಳೀತಾರಾ ಅಂತಲೂ ಕೇಳಿ, ಎಷ್ಟೋ ಜನ ಕಳೀತಾರೆ. ಪಾರ್ಟ್ ಬದಲಾಯಿಸಿದರೆ ಹಳೆಯದನ್ನು ನಮ್ಮ ಕೈಗೇ ಕೊಟ್ಟು ಹೋಗಬೇಕು ಅಂತ ಮೊದಲೇ ಹೇಳಿಬಿಡಿ. ಈ ಒಂದು ಮಾತಿಗೆ ಎಷ್ಟೋ ಮೋಟಾರ್‌ಗಳು ತಾನಾಗೇ ಸರಿಯಾಗ್ತವೆ!

ಪೇಪರ್ ಹಾಳೆಯ ಪರೀಕ್ಷೆ ಈಗ ಅತ್ತೆಯ ಕೆಲಸ. ಪ್ರತಿ ತಿಂಗಳು ಒಂದನೇ ತಾರೀಖು, ಸ್ಟವ್ ಹಚ್ಚುವ ಮುಂಚೆ ಹಿಡಿದು ನೋಡ್ತಾರೆ. ಕ್ಯಾಲೆಂಡರಿನಲ್ಲಿ ಏಪ್ರಿಲ್ ತಿಂಗಳಿಗೆ ‘ಕೊಳವೆ’ ಅಂತ ಬರೆದಿಟ್ಟಿದ್ದಾರೆ. ನಿಮ್ಮೂರಲ್ಲಿ ಎಷ್ಟು ತಗೊಂಡರು, ಅದರಲ್ಲಿ ಏನೇನು ಸೇರಿತ್ತು ಅಂತ ಬರೆದು ಕಳಿಸಿ, ಮುಂದಿನ ಸಲ ನೋಡೋಣ.